ಕಬ್ಬಿಣದ ರುಚಿ ಬಲ್ಲ ನಮ್ಮಣ್ಣ

ಹೇಳಬೇಕಾದ ಒಂದು ಮಾತನ್ನು ನಾನು ಮೂರು ವರ್ಷ ಹೇಳಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ, ಮೊದಲು ನಮ್ಮಣ್ಣನ ತಲೆ ಸರಿ ಇಲ್ಲ ಎಂಬುದನ್ನು ನೀವು ಒಪ್ಪಿಕೊಳ್ಳಬೇಕು. ಅವನ ಹೆಂಡತಿ, ನಮ್ಮ ವೈನಿ, ಮದುವೆಯ ದಿನವೇ ಒಪ್ಪಿಕೊಂಡಿದ್ದಾಳೆ, ನಿಮಗೇನು ಕಷ್ಟ?

ಮೊಬೈಲ್ ಫೋನು ಕೂಲಿಯವರ ಕೈಗೂ ಆಗಷ್ಟೇ ಬರುತ್ತಿದ್ದ ಕಾಲ. ವಿಜಯಪುರದ ಕಡೆಯಿಂದ ಬಂದ ನಾವು ಗೋವಾದ ಪರ್ವರಿಯಲ್ಲಿದ್ದೆವು. ನಾನು ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅಣ್ಣ ತಗಡಿನ ಶೆಡ್ಡಿನಲ್ಲಿ ಗ್ಯಾರೇಜ್ ಇಟ್ಟಿದ್ದ. ಎಲ್ಲರಂತೆ ಸ್ಕೂಟರ್ ರಿಪೇರಿ ಮಾಡಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಹಳೆಯ ರೇಸ್ ಗಾಡಿಗಳ ಎಂಜಿನ್ ಭಾಗಗಳು. ಗೋವಾದ ಹಳೇ ಬಂಗಲೆಗಳಲ್ಲಿ, ಕೋಳಿ ಮೊಟ್ಟೆ ಇಡುವ ಮೂಲೆಯಲ್ಲಿ, ಇಂಥವು ಬಿದ್ದಿರುತ್ತವಂತೆ. ಜಂಗು ತಿಂದ ಒಂದು ತುಂಡು ಕೈಗೆ ಕೊಟ್ಟರೆ ಸಾಕು, ಅದು ಯಾವ ದೇಶದ ಯಾವ ಗಾಡಿಯದು ಎಂದು ಹೇಳುತ್ತಿದ್ದ. ಹೇಗೆ? ನೂಲಿಗೆ ತೂಗುಬಿಟ್ಟು ಚಮಚದಿಂದ ಬಡಿದು ಕಿವಿಗೊಡುತ್ತಿದ್ದ. ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದ. ಕೊನೆಗೆ ನೆಕ್ಕುತ್ತಿದ್ದ!

“ನಾ ಮಾಡಿದ ಸಾರಿಗೆ ಉಪ್ಪ ಹಾಕೇನೋ ಇಲ್ಲೋ ಇವರಿಗೆ ತಿಳಿಯೂದಿಲ್ಲ. ಕಬ್ಬಣದ ರುಚಿ ತಿಳೀತೈತಿ!” ಎನ್ನುತ್ತಿದ್ದಳು ವೈನಿ.

“ಕಬ್ಬಣ ಸುಳ್ಳ ಹೇಳೂದಿಲ್ಲ,” ಎನ್ನುತ್ತಿದ್ದ ಅಣ್ಣ.

“ಅಂದ್ರ ನನ್ನ ಸಾರು ಸುಳ್ಳ ಹೇಳತೈತೇನ್ರಿ?”

ಅಣ್ಣ ಕೂತಲ್ಲಿ ಕೂರುವವನಲ್ಲ. ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಮಾಪ್ಸಾ ಸಂತೆಗೆ ಹೊರಟಿದ್ದೆವು. ಪಕ್ಕದಲ್ಲೊಂದು ಮೋಟರ್ ಸೈಕಲ್ ಹಾದುಹೋಯಿತು. ಅದರ ಸದ್ದು ಕೇಳಿದ್ದೇ ಇವನು “ಅಯ್ಯಯ್ಯೋ!” ಎಂದು ಎದೆ ಹಿಡಿದುಕೊಂಡ. ಎದೆನೋವೆಂದು ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ. ಅಣ್ಣ ಜಿಗಿದು ಓಡಿದ! ಸಿಗ್ನಲ್ಲಿನಲ್ಲಿ ಆ ಸವಾರನನ್ನು ಹಿಡಿದು, “ನಿಮ್ಮ ಗಾಡಿಯೊಳಗಿನ ಪಿಸ್ಟನ್ ನಿಮ್ಮ ಗಾಡೀದಲ್ರಿ,” ಎಂದು ತಿಳಿಸಿ ಬಂದ. ನಾನು ಒಬ್ಬಳೇ ಸಂತೆ ಮಾಡಿ, ಎರಡು ಚೀಲ ಹೊತ್ತು ಮನೆಗೆ ಬಂದೆ.

ಹೆಣ್ಣು ನೋಡಲು ಹೋದ ಕಥೆಯಂತೂ ಕೇಳಲೇಬೇಡಿ. ಕೇಳಬೇಡಿ ಎಂದರೂ ಹೇಳುತ್ತೇನೆ. ವೈನಿಯ ತವರು ವಾಸ್ಕೋ. ಅವಳಪ್ಪ ಬಂದರಿನಲ್ಲಿ ಹಮಾಲಿ. ವೈನಿ ಚಹಾದ ತಟ್ಟೆ ಹಿಡಿದು ನಿಂತಿದ್ದರೆ, ಅಣ್ಣ ಬಾಗಿಲ ಬುಡದಲ್ಲಿ ಮೊಣಕಾಲೂರಿ ಕೂತಿದ್ದ. ಬಾಗಿಲು ಬಡಿದುಕೊಳ್ಳದಂತೆ ಅವರು ಅಡ್ಡ ಇಟ್ಟಿದ್ದ ಕಬ್ಬಿಣ, ಯಾವುದೋ ಕಾಲದ ರೇಸ್ ಕಾರಿನ ಎಂಜಿನ್ನಿನದಂತೆ! “ನನಗ ಪಸಂದ ಐತ್ರಿ,” ಎಂದ. ಹುಡುಗಿಯ ಮುಖ ಇನ್ನೂ ನೋಡಿರಲಿಲ್ಲ. ಮದುವೆಯಲ್ಲಿ ಆ ಕಬ್ಬಿಣವೂ ಬಳುವಳಿಯಾಗಿ ಬಂತು.

ಇಂಥವನ ಹತ್ತಿರ ಕೆಪೆಯಿಂದ ಒಬ್ಬ ಹಿರಿಯರು ಬಂದರು. ಅಲ್ಲಿನ ದೊಡ್ಡ ಮನೆತನದವರು, ಕೈಯಲ್ಲಿ ಕೊಡೆ, ಮಾತು ಮೆತ್ತಗೆ. ಅವರಪ್ಪ ರೇಸಿಗೆ ಓಡಿಸುತ್ತಿದ್ದ ಮೋಟರ್ ಸೈಕಲ್ಲನ್ನು ಟೆಂಪೋದಲ್ಲಿ ತಂದಿದ್ದರು. ಜೊತೆಗೆ ಎರಡು ಕ್ಯಾಮ್ ಶಾಫ್ಟ್. ಎಂಜಿನ್ ಯಾವಾಗ ಉಸಿರೆಳೆಯಬೇಕು, ಯಾವಾಗ ಬಿಡಬೇಕು ಎಂದು ಆಜ್ಞೆ ಮಾಡುವ, ಮೈಮೇಲೆ ಉಬ್ಬುಗಳಿರುವ ಸರಳು ಅದು. ಒಂದು ಮೀನು ಮಾರ್ಕೆಟ್ಟಿಗೆ, ಚರ್ಚಿಗೆ ಹೋಗಿಬರಲು. ಇನ್ನೊಂದು ರೇಸಿಗೆ. ಯಾವುದು ಯಾವುದೆಂದು ಹೇಳಬಲ್ಲವರು ಗೋವಾದಲ್ಲಿ ಯಾರೂ ಇರಲಿಲ್ಲ. “ಅಪ್ಪ ಮನೆಯ ತಿರುವಿಗೆ ಬಂದರೆ ಕಿಟಕಿ ನಡುಗುತ್ತಿತ್ತು. ಆ ಸದ್ದು ಇನ್ನೊಂದು ಸಲ ಕೇಳಬೇಕು,” ಎಂದರು ಹಿರಿಯರು, ಕೊಂಕಣಿಯಲ್ಲಿ.

ಅಣ್ಣ ಬಡಿದ, ಸವರಿದ, ನೆಕ್ಕಿದ. ಗುರುತು ಹಿಡಿದ! ರೇಸಿನದಕ್ಕೆ ಕೆಂಪು ನೂಲು ಕಟ್ಟಿದ, ಇನ್ನೊಂದಕ್ಕೆ ಬಿಳಿ ನೂಲು. ಅವನು ಕಲಿತದ್ದು ಎರಡನೇ ಇಯತ್ತೆ. ಮೂರನೇದು ಮುಗಿಸಿದ ನಾನೇ ಮನೆಯಲ್ಲಿ ಪಂಡಿತೆ! ಬರೆದಿಡುವ ಬದಲು ಅವನದೆಲ್ಲ ನೂಲಿನ ಲೆಕ್ಕ. ಸವೆದ ಉಬ್ಬುಗಳಿಗೆ ವೆಲ್ಡಿಂಗ್ ತುಂಬಿ, ಅರದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿಕ್ಕಿ, ಎರಡನ್ನೂ ಕನ್ನಡಿ ಮಾಡಿದ. ಆಮೇಲೆ ಅವಳಿ ಮಕ್ಕಳಂತೆ ಕಂಡವು. ಮತ್ತೊಮ್ಮೆ ಅಳೆದು ನೋಡು ಎಂದರೆ ಸಿಟ್ಟು. “ಎರಡ ಸಲ ಅಳಿಯಾಂವ ಮೊದಲನೇ ಸಲ ನಿದ್ದಿ ಮಾಡಿರ್ತಾನ!”

ಅಷ್ಟರಲ್ಲಿ ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು. ಪೂಜೆಗೆ ಹಾರಿ, ಸುತ್ತಿಗೆ, ನಟ್ಟು ಬಿಚ್ಚುವ ಪಾನಾ ಎಲ್ಲ ತೊಳೆದಿಡಬೇಕಲ್ಲ? ಅಣ್ಣ ಚೆಂಡು ಹೂ ತರಲು ಹೋಗಿದ್ದ. ನನಗೋ ಕಂಡದ್ದನ್ನೆಲ್ಲ ತೊಳೆಯುವ ರೋಗ. ಆ ನೂಲುಗಳಿಗೆ ಎಣ್ಣೆ ಜಿಡ್ಡು ಹಿಡಿದಿತ್ತು. ದೇವಿಯ ಮುಂದೆ ಇಂಥ ಹೊಲಸು ಇಡುವುದೇ? ಬಿಚ್ಚಿದೆ. ಸರಳುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಲ್ಲಿ ಗೋಣಿಚೀಲದ ಮೇಲಿಟ್ಟೆ. ಬಲಗಡೆಯದು ಕೆಂಪಿನದು ಎಂದು ಮೂರು ಸಲ ಬಾಯಲ್ಲಿ ಹೇಳಿಕೊಂಡೆ. ನೂಲಿಗೆ ಸಾಬೂನು ಹಚ್ಚಿ, ಒಣಗಿಸಿ, ಬಲಗಡೆಯದಕ್ಕೆ ಕೆಂಪು ಕಟ್ಟಿ ಕುಂಕುಮ ಇಟ್ಟೆ.

ಅಣ್ಣ ಬಂದು ನೋಡಿ, ಪೂಜೆಗೆ ಸೇರಿದ್ದ ಓಣಿಯ ಮಂದಿಗೆಲ್ಲ ಕೇಳುವಂತೆ ಹೇಳಿದ: “ನೋಡ್ರಿ, ನಮ್ಮ ತಂಗಿ ಕೈ! ಇಷ್ಟ ಚೊಕ್ಕ ಯಾರ ಇಡತಾರ?” ನಾನು ಉಬ್ಬಿಹೋದೆ. ನೂಲು ಬಿಚ್ಚಿದ್ದೆ ಎಂದು ಆಗ ಹೇಳಲಿಲ್ಲ.

ಎಂಜಿನ್ ಕಟ್ಟಿ ಮುಗಿಸಿದ ದಿನ ಹಿರಿಯರು ಬಂದು, ಕೊಡೆಯ ಮೇಲೆ ಎರಡೂ ಕೈಯೂರಿ ಕಣ್ಣು ಮುಚ್ಚಿ ನಿಂತರು. ಅಣ್ಣ ಕಿಕ್ ಹೊಡೆದ. ಟುಕ್, ಟುಕ್, ಟುಕ್. ಹಾಲಿನವನ ಗಾಡಿ! ಹಿರಿಯರು ಕಣ್ಣು ತೆರೆದರು. “ಬರೆಂ ಜಾಲೆಂ,” ಚಲೋ ಆಯಿತು ಎಂದು, ಅಣ್ಣನ ಹೆಗಲು ತಟ್ಟಿ, ಗಾಡಿ ಹೇರಿಸಿಕೊಂಡು ಹೋದರು.

ಆ ಟುಕ್ ಟುಕ್ ಕೇಳುತ್ತಲೇ ನನಗೆ ನೆನಪಾಯಿತು. ಪೂಜೆಯ ದಿನ, ನೂಲು ಒಣಗುವ ನಡುವೆ ಬಿಸಿಲು ಸರಿದಿತ್ತು. ಬೇಗ ಒಣಗಲಿ ಎಂದು ನಾನು ಗೋಣಿಚೀಲವನ್ನೇ ತಿರುಗಿಸಿ ಎಳೆದಿದ್ದೆ. ಬಲ ಎಡವಾಗಿತ್ತು, ಕೆಂಪು ನೂಲು ಮೀನು ಮಾರ್ಕೆಟ್ಟಿನ ಸರಳಿಗೆ ಬಿದ್ದಿತ್ತು.

ಅಣ್ಣ ಯಾರನ್ನೂ ಬೈಯಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಂಡು, “ಇವು ಸುಳ್ಳ ಹೇಳ್ಯಾವು,” ಎಂದ. ಅಂದಿನಿಂದ ಹಳೇ ಎಂಜಿನ್ ಮುಟ್ಟಲಿಲ್ಲ. ಸ್ಕೂಟರು, ನೀರಿನ ಪಂಪು, ಒಮ್ಮೆ ಯಾರದೋ ಮಿಕ್ಸರ್! ರಸ್ತೆಯಲ್ಲಿ ಎಂಥ ಗಾಡಿ ಹೋದರೂ ತಲೆ ಎತ್ತುತ್ತಿರಲಿಲ್ಲ. ಕೂತಲ್ಲೇ ಕೂರುವುದನ್ನು ಕಲಿತ. “ಈಗ ಮನಶ್ಯಾ ಆಗ್ಯಾರ ನೋಡು,” ಎಂದು ವೈನಿ ಮೊದಲು ನಕ್ಕಳು. ಆಮೇಲೆ ಅವಳೂ ನಗಲಿಲ್ಲ. ಕೂರಲಾಗದ ರೋಗ ನನಗೆ ಬಂತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಇವತ್ತು ಹೇಳಬೇಕೆಂದು ಶೆಡ್ಡಿನ ತನಕ ಹೋಗಿ, “ಚಹಾ ಕುಡೀತಿ ಏನಣ್ಣಾ?” ಎಂದು ಕೇಳಿ ಬರುತ್ತಿದ್ದೆ. ಮೂರು ವರ್ಷದಲ್ಲಿ ಅವನಿಗೆಷ್ಟು ಚಹಾ ಕುಡಿಸಿದೆನೋ!

ಆಮೇಲೊಂದು ದಿನ ಸಾಂಗೆ ಎಂಬ ಊರಿನಿಂದ ಯಾರೋ ಬಟ್ಟೆಯಲ್ಲಿ ಸುತ್ತಿದ ತುಂಡೊಂದನ್ನು ತಂದರು. ಅಣ್ಣ ಬೇಡವೆಂದರೂ ಇಟ್ಟುಹೋದರು. ಬಹಳ ಹೊತ್ತು ಅದನ್ನು ಮುಟ್ಟದೆ ಕೂತಿದ್ದವನು, ಕೊನೆಗೆ ಬಟ್ಟೆಯ ಸಮೇತ ಎತ್ತಿ ನನ್ನ ಕಡೆ ಚಾಚಿದ.

“ನೀನಽ ಸವರಿ ನೋಡವಾ ತಂಗಿ, ಏನ ಅನಸ್ತೈತಿ ಹೇಳು. ನಿನ್ನ ಕೈ ಚೊಕ್ಕ ಅದಾವು. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”

ನಾನು ತೆಗೆದುಕೊಳ್ಳಲಿಲ್ಲ. ಗೋಣಿಚೀಲದಿಂದ ಶುರುಮಾಡಿ ಎಲ್ಲ ಹೇಳಿದೆ. ಅವನು ತುಂಡನ್ನು ಕೆಳಗಿಟ್ಟ. ಆಮೇಲೆ, “ಅವತ್ತಽ ಯಾಕ ಹೇಳಲಿಲ್ಲ?” ಎಂದ.

“ನೀ ಮಂದಿ ಮುಂದ ನನ್ನ ಹೊಗಳಿದ್ದಿ. ಹಂಗ ಯಾರೂ ಎಂದೂ ಹೊಗಳಿದ್ದಿಲ್ಲ. ಅದನ್ನ ಕಳಕೊಳ್ಳಾಕ ಮನಸ್ಸಾಗಲಿಲ್ಲಣ್ಣಾ. ನಿನ್ನ ಬೆರಳು ಸುಳ್ಳ ಹೇಳಿಲ್ಲ. ನಾ ಹೇಳೇನಿ, ಮೂರ ವರ್ಷ, ದಿನಾ. ತಪ್ಪಾತು. ನನ್ನದು ಭಾಳ ದೊಡ್ಡ ತಪ್ಪಾತು.”