ಎಕ್ಕದ ಗಿಡಗಳು ಅನುಮತಿಯಿಲ್ಲದೆ ಹಾಲು ಸುರಿಸಿದ ಬಗ್ಗೆ

ಸಸ್ಯ ಶಿಸ್ತುಪಾಲನಾ ವಿಭಾಗ, ಪರೇಲ್, ಮುಂಬಯಿ
ಸಂಖ್ಯೆ: ಸಶಿವಿ/ಎಕ್ಕ/ಹಾಲು/ತಿದ್ದುಪಡಿಯ ತಿದ್ದುಪಡಿ

ವಿಷಯ: ಸಂಸ್ಥೆಯ ಆವರಣದ ಗಿಡಗಳು ಆತ್ಮರಕ್ಷಣೆ ಮಾಡಿಕೊಳ್ಳುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: 1) ಆಡಳಿತಾಧಿಕಾರಿಗಳ ಬಲಗಣ್ಣು.
2) ಡಾ. ವಿನೋದಿನಿಯವರ ವಿವರಣೆ (ತೃಪ್ತಿಕರವಾಗಿದ್ದ ಕಾರಣ ತಿರಸ್ಕರಿಸಲಾಗಿದೆ).

ತೋಟದ ಸಿಬ್ಬಂದಿ ಬಹುತೇಕ ವಿಜಯಪುರ ಕಡೆಯವರಾದ್ದರಿಂದ ಈ ಸುತ್ತೋಲೆಯನ್ನು ಕನ್ನಡದಲ್ಲಿಯೂ ಹೊರಡಿಸಲಾಗಿದೆ. ಗಿಡಗಳಿಗೆ ಯಾವ ಭಾಷೆ ಬರುತ್ತದೆಂಬುದು ಪರಿಶೀಲನೆಯಲ್ಲಿದೆ.

ಹಿನ್ನೆಲೆ:

ಧಾರವಾಡದವರಾದ ಡಾ. ವಿನೋದಿನಿ ಈ ಸಂಸ್ಥೆಯಲ್ಲಿ ಸಸ್ಯ ಜೀವರಸಾಯನ ವಿಜ್ಞಾನಿಯಾಗಿದ್ದರು. ಓಡಿಹೋಗಲು ಕಾಲಿಲ್ಲದ ಗಿಡ ತನ್ನನ್ನು ತಿನ್ನಬಂದವರನ್ನು ಯಾವ ರಸಾಯನದಿಂದ ಎದುರಿಸುತ್ತದೆ ಎಂಬುದು ಅವರ ಸಂಶೋಧನೆ. ಹಿಂಬದಿಯ ಗೋಡೆಗುಂಟ ಅವರು ವರ್ಷಗಟ್ಟಲೆ ಎಕ್ಕದ ಗಿಡಗಳನ್ನು ತಲೆಮಾರಿನಿಂದ ತಲೆಮಾರಿಗೆ ಬೆಳೆಸಿಕೊಂಡು ಬಂದಿದ್ದರು. ಹುಳು ಕಡಿದ ತಾಯಿಗಿಡದ ಮಕ್ಕಳು ಹುಟ್ಟುವಾಗಲೇ ಹೆಚ್ಚು ವಿಷ ಕಟ್ಟಿಕೊಂಡು ಬರುತ್ತವೆಯೇ ಎಂಬುದು ಅವರ ಪ್ರಶ್ನೆ. ಆ ವರ್ಷ ಗಿಡಗಳು ಕಾಯಿ ಬಿಟ್ಟಿದ್ದವು, ಉತ್ತರ ಕೈಗೆ ಸಿಗುವುದರಲ್ಲಿತ್ತು.

ಅಂಥ ಒಂದು ಶನಿವಾರ ಬೆಳಿಗ್ಗೆ ಆಡಳಿತಾಧಿಕಾರಿ ಶ್ರೀ ದೇವಾನಂದ ಅವರು ಬಾಂದ್ರಾದ ತಮ್ಮ ಬಿಲ್ಡಿಂಗಿನ ಮಾರುತಿಗೆ ಎಕ್ಕದೆಲೆಯ ಹಾರ ಹಾಕಬೇಕೆಂದು ಸಂಕಲ್ಪಿಸಿದರು. ಹಾರ ಸ್ಟೇಷನ್ನಿನ ಹೊರಗೆ ಮಾರಾಟಕ್ಕಿತ್ತು. ಎಲೆ ಆಫೀಸಿನಲ್ಲಿ ಪುಕ್ಕಟೆ ಇತ್ತು. ‘ಮುಟ್ಟಬೇಡಿ’ ಎಂಬ ಫಲಕವನ್ನು ಅವರು ಓದಿದರು. ಅದು ಕೆಳದರ್ಜೆಯ ಸಿಬ್ಬಂದಿಗೆ ಎಂದು ತಿಳಿದು ಎಲೆ ಕೀಳತೊಡಗಿದರು.

ತೋಟದ ಮಲ್ಲಕ್ಕ ಕೂಗಿ ಕರೆದದ್ದರಿಂದ ಡಾ. ವಿನೋದಿನಿ ಲ್ಯಾಬಿನಿಂದ ಓಡಿಬಂದರು. ಮುಂದಿನ ಮಾತುಗಳು ವಿಚಾರಣೆಯ ಕಡತದಿಂದ ಯಥಾವತ್ತು:

ಡಾ. ವಿನೋದಿನಿ: “ಸರ್, ಅವು ಪ್ರಯೋಗದ ಗಿಡ ಅದಾವ್ರಿ. ಕೀಳಬ್ಯಾಡ್ರಿ.”

ಶ್ರೀ ದೇವಾನಂದ: “ಅರೆ ಮೇಡಂ, ನಾಕ ಎಲಿ ಕಿತ್ತರ ಏನ್ ಫರಕ್ ಪಡ್ತದ? ದೇವರ ಕೆಲಸ ಐತಿ.”

ಹೀಗೆಂದು ಅವರು ಹಾಲು ಹತ್ತಿದ ಕೈಯಿಂದಲೇ ಬಲಗಣ್ಣು ಉಜ್ಜಿಕೊಂಡರು. ಲೋಕ ಮಂಜಾಯಿತು. ಡಾ. ವಿನೋದಿನಿ ಅವರನ್ನು ನಲ್ಲಿಯ ಕೆಳಗೆ ಬಗ್ಗಿಸಿ, ಅವರು ಬೇಡವೆಂದರೂ ಬಿಡದೆ ಬಹಳ ಹೊತ್ತು ಕಣ್ಣಿಗೆ ನೀರು ಹಾಕಿದರು. ಟ್ಯಾಕ್ಸಿಯಲ್ಲಿ ತಾವೇ ಆಸ್ಪತ್ರೆಗೆ ಕರೆದೊಯ್ದರು. ಕೂಡಲೇ ತೊಳೆದದ್ದರಿಂದ ಕಣ್ಣು ಉಳಿಯಿತೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಇದಕ್ಕೆ ಕೃತಜ್ಞತೆ ಸಲ್ಲಿಸಲು ನಿಗದಿತ ನಮೂನೆ ಲಭ್ಯವಿಲ್ಲ. ಆದ್ದರಿಂದ ಲಭ್ಯವಿದ್ದ ನಮೂನೆಯಲ್ಲಿ ಕಾರಣ ಕೇಳುವ ನೋಟಿಸು ನೀಡಲಾಯಿತು.

ವಿಚಾರಣಾ ಸಮಿತಿಗೆ, ವಿಷಯದ ಪ್ರತ್ಯಕ್ಷ ಅನುಭವವಿರುವ ಶ್ರೀ ದೇವಾನಂದ ಅವರೇ ಅಧ್ಯಕ್ಷರಾದರು. ಗಿಡಗಳಿಗೆ ಹಾಲು ಇಟ್ಟುಕೊಳ್ಳಲು ಅನುಮತಿ ಕೊಟ್ಟವರಾರು ಎಂದು ಕೇಳಲಾಯಿತು. ಡಾ. ವಿನೋದಿನಿ ಮೊದಲು ನಕ್ಕರು. ಎದುರಿಗಿದ್ದವರು ಯಾರೂ ನಗದಿದ್ದುದನ್ನು ಕಂಡು ಅವರೂ ನಗು ನಿಲ್ಲಿಸಿದರು. ಗಿಡಗಳನ್ನು ಕೀಳಿಸಲು ಸಮಿತಿ ತೀರ್ಮಾನಿಸಿತು. “ಕಾಯಿ ಬಲಿಯೂತನಕ ಬಿಡ್ರಿ ಸರ್, ಆಮ್ಯಾಲೆ ನಾನ ತಗೀತೀನಿ,” ಎಂದು ಅವರು ಬೇಡಿಕೊಂಡರು. ಮರುದಿನವೇ ಗುತ್ತಿಗೆದಾರರು ಬಂದು ಇಡೀ ಸಾಲನ್ನು ಕಿತ್ತು ರಾಶಿ ಹಾಕಿದರು.

ರಾಶಿಯ ಮುಂದೆ ಡಾ. ವಿನೋದಿನಿ ಅತ್ತರು. ಇದನ್ನು ಎಕ್ಕದ ಹಾಲಿನ ಪರಿಣಾಮವೆಂದು ದಾಖಲಿಸಲಾಗಿದೆ. ಬಳಿಕ ಕಣ್ಣೊರೆಸಿಕೊಂಡು ಬಂದು, “ಸರ್, ಈಗ ಇದು ಏನ್ರಿ?” ಎಂದು ಕೇಳಿದರು. ಶ್ರೀ ದೇವಾನಂದ, “ಕಚರಾ. ಮತ್ತೇನು?” ಎಂದರು. ಬರೆದು ಕೊಡಿ ಎಂದಾಗ ‘ಇದು ಕಸ’ ಎಂದು ಸಂತೋಷದಿಂದ ಬರೆದೂ ಕೊಟ್ಟರು. ಎಕ್ಕ ಕಡ್ಡಿಯಿಂದಲೂ ಚಿಗುರುತ್ತದೆ ಎಂಬುದು ಸಹಿ ಮಾಡುವಾಗ ಸಮಿತಿಯ ಗಮನಕ್ಕೆ ಬಂದಿರಲಿಲ್ಲ. ಡಾ. ವಿನೋದಿನಿ ಮತ್ತು ಮಲ್ಲಕ್ಕ ಗಿಡಗಳಿಗೆ ಒದ್ದೆ ಗೋಣಿ ಹೊದಿಸಿ, ಕಾವಲುಗಾರನಿಗೆ ಆ ಪತ್ರ ತೋರಿಸಿ, ಸಂಸ್ಥೆಯ ಕಸವನ್ನು ಟೆಂಪೋದಲ್ಲಿ ಗಿಡಗಳಿಗೆ ಜಾಗ ಕೊಡಲೊಪ್ಪಿದ ಮಲಾಡಿನ ಒಂದು ಕಾಲೇಜಿಗೆ ಸಾಗಿಸಿದರು. ಡಾ. ವಿನೋದಿನಿಯವರ ರಾಜೀನಾಮೆ ಮರುದಿನ ಬಂತು. ಮಲ್ಲಕ್ಕ ರಾಜೀನಾಮೆ ಕೊಡಲಿಲ್ಲ, ಬರುವುದನ್ನೇ ಬಿಟ್ಟರು.

ಇಂಥ ಅಹಿತಕರ ಘಟನೆ ಮರುಕಳಿಸದಂತೆ ಸಂಬಂಧಪಟ್ಟ ಸಕಲ ಸಸ್ಯ, ಕೀಟ ಹಾಗೂ ನೌಕರರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪೂರ್ವಾನುಮತಿಯಿಲ್ಲದೆ ಯಾವ ಗಿಡವೂ ಹಾಲು, ಮುಳ್ಳು, ಕಹಿ ಅಥವಾ ವಾಸನೆಯನ್ನು ಹೊಂದಿರತಕ್ಕದ್ದಲ್ಲ.

2. ಹುಳು ಕಚ್ಚಿದಲ್ಲಿ ಗಾಯಗೊಂಡ ಎಲೆಯು ಉಳಿದ ಎಲೆಗಳಿಗೆ ನೇರವಾಗಿ ರಾಸಾಯನಿಕ ಸಂಕೇತ ಕಳುಹಿಸುವಂತಿಲ್ಲ. ಕಾಂಡದ ಮುಖಾಂತರ ಬೇರಿಗೆ ಮನವಿ ಸಲ್ಲಿಸಿ, ಉತ್ತರ ಬರುವವರೆಗೆ ತಿನ್ನಿಸಿಕೊಳ್ಳುತ್ತಿರತಕ್ಕದ್ದು.

3. ಹಿರಿಯ ಅಧಿಕಾರಿಗಳು ಕೈ ಹಾಕಿದಾಗ ಗಿಡಗಳು ಎಲೆಯನ್ನು ತಾವಾಗಿಯೇ ಬಿಟ್ಟುಕೊಡತಕ್ಕದ್ದು. ಅಧಿಕಾರಿಗಳ ದರ್ಜೆ ಗುರುತಿಸುವ ತರಬೇತಿಯನ್ನು ಗಿಡಗಳಿಗೆ ನೀಡಲಾಗುವುದು. ತರಬೇತಿಗೆ ಗೈರುಹಾಜರಾಗುವ ಗಿಡಗಳನ್ನು ಕುಂಡದಲ್ಲಿ ಕರೆತರಲಾಗುವುದು.

4. ಎಕ್ಕ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ಕಂಬಳಿಹುಳುಗಳನ್ನು ಸಂಸ್ಥೆಯ ಸ್ವತ್ತನ್ನು ಅಡಗಿಸಿಟ್ಟವರೆಂದು ಪರಿಗಣಿಸಲಾಗುವುದು. ಅವು ಚಿಟ್ಟೆಯಾಗಿ ಹಾರುವ ಮುನ್ನ, ಏನೂ ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಪಡೆಯತಕ್ಕದ್ದು. ಆ ಚಿಟ್ಟೆಯನ್ನು ತಿಂದು ವಾಂತಿ ಮಾಡಿಕೊಳ್ಳುವ ಹಕ್ಕಿಗಳಿಗೆ ವೈದ್ಯಕೀಯ ವೆಚ್ಚ ಮರುಪಾವತಿಯಾಗುವುದಿಲ್ಲ.

5. ಮೆಣಸಿನಕಾಯಿಯ ಖಾರ, ಬೆಳ್ಳುಳ್ಳಿಯ ಘಾಟು, ಚಹಾದ ಒಗರು ಇವೆಲ್ಲವೂ ಗಿಡಗಳ ಆತ್ಮರಕ್ಷಣೆಯೇ ಎಂದು ಡಾ. ವಿನೋದಿನಿ ವಿಚಾರಣೆಯಲ್ಲಿ ಬಾಯಿಬಿಟ್ಟಿದ್ದಾರೆ. ಆದ್ದರಿಂದ ಕ್ಯಾಂಟೀನಿನಲ್ಲಿ ಇವುಗಳನ್ನು ನಿಷೇಧಿಸಲಾಗಿದೆ. ನಿರ್ದೇಶಕರ ಕೊಠಡಿಯ ಚಹಾ ರಕ್ಷಣೆಯ ಉದ್ದೇಶ ಹೊಂದಿಲ್ಲವಾದ್ದರಿಂದ ಅದಕ್ಕೆ ವಿನಾಯಿತಿ ಇದೆ.

6. ಅಡುಗೆಯವರ ಕಣ್ಣಲ್ಲಿ ನೀರು ಬರಿಸುವ ಉಳ್ಳಾಗಡ್ಡಿಯನ್ನು ಅಮಾನತಿನಲ್ಲಿಡಲಾಗುವುದು. ಅಮಾನತಿನ ಅವಧಿಯಲ್ಲಿ ಅದನ್ನು ಅರ್ಧವೇ ಹೆಚ್ಚತಕ್ಕದ್ದು.

7. ಅನುದಾನ ನೀಡುವವರ ತಂಡ ಮುಂದಿನ ತಿಂಗಳು ಭೇಟಿ ನೀಡಲಿದ್ದು, ತಾವು ನೋಡಬಯಸುವುದು ಎಕ್ಕದ ಸಂಶೋಧನೆಯನ್ನು ಮಾತ್ರ ಎಂದು ತಿಳಿಸಿದೆ. ಸಂಸ್ಥೆಯಲ್ಲಿ ನೋಡಲು ಬೇರೇನೂ ಇಲ್ಲವೆಂಬುದನ್ನು ಸಮಿತಿಯೂ ದೃಢಪಡಿಸಿಕೊಂಡಿದೆ. ಆದ್ದರಿಂದ ಸದರಿ ಕಸವನ್ನು ಇಂದಿನಿಂದ ‘ರಾಷ್ಟ್ರೀಯ ಮಹತ್ವದ ಸಂಗ್ರಹ’ ಎಂದು ಪುನರ್ವರ್ಗೀಕರಿಸಲಾಗಿದೆ. ಅದನ್ನು ಮರಳಿಸುವಂತೆ ಶ್ರೀ ದೇವಾನಂದ ಅವರು ಡಾ. ವಿನೋದಿನಿಯವರಿಗೆ ಖುದ್ದಾಗಿ ಫೋನ್ ಮಾಡಿದಾಗ ದೊರೆತ ಉತ್ತರ: “ಕಚರಾ ಚಲೋ ಚಿಗತೈತ್ರಿ ಸರ್. ಮಲ್ಲಕ್ಕ ದಿನಾ ನೀರ ಹಾಕ್ತಾಳ. ನೋಡಾಕ ಬರ್ರಿ. ಮುಟ್ಟಬ್ಯಾಡ್ರಿ.”

ಈ ಉತ್ತರವು ಉದ್ಧಟತನವೋ ಆಹ್ವಾನವೋ ಎಂಬುದನ್ನು ತೀರ್ಮಾನಿಸಲು ಉಪಸಮಿತಿ ರಚಿಸಲಾಗಿದೆ.

(ಸಹಿ/-)
ದೇವಾನಂದ
ಆಡಳಿತಾಧಿಕಾರಿ, ಬಾಧಿತ ಪಕ್ಷ, ವಿಚಾರಣಾ ಸಮಿತಿಯ ಹಾಗೂ ಉಪಸಮಿತಿಯ ಅಧ್ಯಕ್ಷ

ಪ್ರತಿಗಳು:
1. ನಿರ್ದೇಶಕರಿಗೆ, ಚಹಾದೊಂದಿಗೆ.
2. ಕ್ಯಾಂಟೀನ್ ವ್ಯವಸ್ಥಾಪಕರಿಗೆ, ಉಳ್ಳಾಗಡ್ಡಿಗೆ ಓದಿ ಹೇಳುವ ಸಲುವಾಗಿ.
3. ಹಿಂಬದಿಯ ಗೋಡೆಗೆ, ಅಂಟಿಸಲು. ಅಲ್ಲೀಗ ಬೇರೇನೂ ಇಲ್ಲ.
4. ಮಲಾಡ್ ಕಾಲೇಜಿನ ಪ್ರಾಂಶುಪಾಲರಿಗೆ: ಅನುದಾನದ ತಂಡ ನೇರವಾಗಿ ತಮ್ಮಲ್ಲಿಗೇ ಬರುತ್ತಿರುವುದು ಈಗಷ್ಟೇ ತಿಳಿದಿರುವುದರಿಂದ, ಆ ದಿನ ನಮ್ಮ ಅಧಿಕಾರಿಗಳಿಗೂ ಕುರ್ಚಿ ಹಾಕಿಸಬೇಕೆಂದು ವಿನಂತಿ.