ಬೆಲ್ಲ ಉಂಡು ವಿಷ ಉಸಿರಾಡುವವರು

ಕೊಳ್ಳುವ ವಸ್ತುವಿನಲ್ಲಿ ಮೊದಲು ಕುಂದು ಹುಡುಕಬೇಕು, ಮೆಚ್ಚುಗೆ ಮುಖದ ಮೇಲೆ ಬರಬಾರದು, ಮಾತಿನ ನಡುವೆ ಒಂದೆರಡು ಸಲ ಎದ್ದು ಹೊರಟಂತೆ ಮಾಡಬೇಕು. ಹಳೆಯ ಟ್ರ್ಯಾಕ್ಟರುಗಳ ದಲ್ಲಾಳಿಯಾಗಿ ನಾನು ಕಲಿತ ವಿದ್ಯೆ ಇಷ್ಟೇ. ಕೇಳದವರಿಗೂ ಹೇಳಿಕೊಡುತ್ತೇನೆ. ಉಮರ್ಗಾದಲ್ಲಿ ಮನೆಗೆಂದು ಜಾಗ ಕೊಂಡದ್ದೂ ಈ ವಿದ್ಯೆಯಿಂದಲೇ. ಮೊದಲು ಅಲ್ಲಿ ಪಂಪು, ಮೋಟಾರು ರಿಪೇರಿಯ ಶೆಡ್ಡಿತ್ತು. ನಾನು ಕೇಳಿದ ದರಕ್ಕೆ ಮಾಲೀಕ ಕೂಡಲೇ ಹೂಂ ಅಂದುಬಿಟ್ಟ. ಎದ್ದು ಹೊರಡುವ ಅವಕಾಶವನ್ನೂ ಕೊಡಲಿಲ್ಲ. ನನ್ನ ಮಾತಿನ ವಜನು ಅಂಥದ್ದು ಎಂದುಕೊಂಡೆ. ಮನೆ ಕಟ್ಟಿ ಮುಗಿದು, ಅಲ್ಲಿದ್ದ ಬಾವಿಯ ನೀರು ಸೇದಿ, ಹೆಂಡತಿ ಕಾಶೀಬಾಯಿ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದಾಗ ಆತನ ಅವಸರದ ಅರ್ಥ ತಿಳಿಯಿತು.

“ನೀರಿಗೆ ದವಾಖಾನಿ ವಾಸನಿ ಅದ,” ಅಂದಳು.

“ಸೀ ವಾಸನಿ ಅದು. ಸೀ ನೀರಿನ ಬಾವಿ ಅಂದ್ರ ಇದೇ.”

“ಹಂಗಾರ ಮೊದಲ ನೀವು ಕುಡೀರಿ.”

ನಾನು ಕುಡಿಯಲಿಲ್ಲ. ಅಂದಿನಿಂದ ಅವಳು ಕುಡಿಯುವ ನೀರಿಗೆ ಎದುರುಮನೆಯ ಸುಭದ್ರಕ್ಕನ ನಲ್ಲಿಯಿಂದ ಕೊಡ ಹೊರತೊಡಗಿದಳು. ಸ್ವಂತ ಬಾವಿ ಇಟ್ಟುಕೊಂಡು ಇನ್ನೊಬ್ಬರ ಅಂಗಳದಲ್ಲಿ ನಿಲ್ಲುವುದು ಅವಳಿಗೆ ಸಾವಿನಷ್ಟು ಸಂಕೋಚ.

ನನ್ನ ತಂಗಿಯ ಮಗಳು ಸುವರ್ಣಾ ಉದಗೀರದ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಾಳೆ. ನೀರು ಒಯ್ದು ಪರೀಕ್ಷೆ ಮಾಡಿಸಿದವಳು ಅವಳೇ. ಬಿಡಿಭಾಗಗಳ ಜಿಡ್ಡು ತೊಳೆದ ರಾಸಾಯನಿಕವನ್ನು ಶೆಡ್ಡಿನವರು ವರ್ಷಾನುಗಟ್ಟಲೆ ಹಿತ್ತಲಿಗೆ ಚೆಲ್ಲಿದ್ದರಂತೆ. ಅದು ನೆಲದೊಳಗೆ ಇಳಿದು ಬಾವಿ ಸೇರಿತ್ತು. ಆ ವಿಷವನ್ನು ಮುರಿಯುವ ಬ್ಯಾಕ್ಟೀರಿಯಾ ಇವೆ, ಬಾವಿಯ ಸುತ್ತ ಸಣ್ಣ ಬೋರು ಕೊರೆದು ಒಳಗೆ ಬಿಡೋಣ, ಜೊತೆಗೆ ಆಗಾಗ ಬೆಲ್ಲದ ನೀರು ಹಾಕಬೇಕು ಎಂದಳು.

“ಪಗಾರ ಬೆಲ್ಲದಾಗ ತಗೋತಾವೇನು?” ಎಂದೆ.

“ಮಾಮಾ, ಅವು ಬೆಲ್ಲದ ಮ್ಯಾಲೆ ಬದುಕ್ತಾವ, ಆ ವಿಷಾ ಉಸಿರಾಡ್ತಾವ. ನಮಗ ಗಾಳಿ ಹೆಂಗೋ ಅವಕ್ಕ ಅದು ಹಂಗ.”

ಬೋರು ಕೊರೆಸಿದೆವು. ಸುವರ್ಣಾ ಬ್ಯಾಕ್ಟೀರಿಯಾ ತುಂಬಿ ತಂದ ಡಬ್ಬಿಗೆ ಕಾಶೀಬಾಯಿ ವಿಭೂತಿ ಹಚ್ಚಿಯೇ ಒಳಗೆ ಕರೆದುಕೊಂಡಳು. ಬೆಲ್ಲ ಹಾಕುವ ಹೊಣೆಯನ್ನು ನಾನು ಹಟ ಹಿಡಿದು ತೆಗೆದುಕೊಂಡೆ. ಆಳು ದುಡಿಸುವುದು ನನಗೆ ಗೊತ್ತು. ಹೊಟ್ಟೆ ತುಂಬ ಬೆಲ್ಲ ಸಿಕ್ಕರೆ ಯಾರು ತಾನೇ ವಿಷದ ಕಡೆ ಹೊರಳಿ ನೋಡುತ್ತಾರೆ? ಸಿಹಿ ಶಿರಾ ಉಂಡ ಹಮಾಲ ಚೀಲ ಎತ್ತಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ಬೆಲ್ಲವನ್ನು ಅರ್ಧ ಮಾಡಿದೆ. ಆಮೇಲೆ ಅದರಲ್ಲೂ ಅರ್ಧ. ಕೊನೆಗೆ ಬೆಲ್ಲ ಸುತ್ತಿ ತಂದ ಗೋಣಿಯನ್ನು ಹಿಂಡಿದ ನೀರು. ಮಳೆಗಾಲ ಕಳೆಯಿತು, ವಾಸನೆ ಕೂತಲ್ಲೇ ಕೂತಿತ್ತು.

ಸುವರ್ಣಾ ಮತ್ತೆ ಬಂದಳು. “ಅತ್ತಿ, ಬೆಲ್ಲ ಬರೋಬರ್ ಬೀಳಾಕತ್ತದೋ ಇಲ್ಲೋ?”

ಕಾಶೀಬಾಯಿ ನನ್ನನ್ನು ನೋಡಿದಳು. ನಾನು ನನ್ನ ತತ್ವವನ್ನು ವಿವರಿಸಿದೆ. ಸುವರ್ಣಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಮಾಮಾ, ಉಪವಾಸ ಸತ್ತವರು ಉಸಿರು ಹೆಂಗ ಆಡ್ಬೇಕು?”

ಕಾಶೀಬಾಯಿ ನಗಲಿಲ್ಲ, ಅವಳ ಟೊಂಕದ ಮೇಲೆ ಸುಭದ್ರಕ್ಕನ ಮನೆಯ ನೀರಿತ್ತು. ಅಂದು ನನ್ನ ತಾಟಿನಲ್ಲಿ ಅರ್ಧ ರೊಟ್ಟಿ ಬಿತ್ತು.

“ಇನ್ನರ್ಧ?”

“ಹಸದವರು ಕೆಲಸ ಜೋರ ಮಾಡ್ತಾರಂದ್ರಲ್ಲ. ಉಂಡು ಕೊಡ ತಗೊಂಡು ನಡೀರಿ.”

ನಡೆದೆ. ಸುಭದ್ರಕ್ಕ ನಲ್ಲಿ ಬಿಡುತ್ತ, “ದಲ್ಲಾಳಿ ಸಾಹೇಬ್ರ, ನೀರು ಫುಕಟ್ ಅದ, ಇನ್ನೂ ಕಮ್ಮಿ ಆಗಂಗಿಲ್ಲ ನೋಡ್ರಿ,” ಅಂದಳು.

ಆಮೇಲೆ ಬೆಲ್ಲದ ಕೆಲಸ ಕಾಶೀಬಾಯಿಯ ಕೈಗೆ ಹೋಯಿತು. ಬೋರಿಗೆ ಬೆಲ್ಲದ ನೀರು ಬೀಳದೆ ನಮಗೆ ಊಟವಿಲ್ಲ. “ಕಣ್ಣಿಗೆ ಕಾಣಲಿಲ್ಲಂದ್ರ ಏನಾತು, ನಮ್ಮ ಮನಿಗೆ ದುಡಿಯಾಕ ಬಂದಾರ,” ಎನ್ನುತ್ತಿದ್ದಳು. ಹೊಸ ಡಬ್ಬಿ ಬಂತು, ಇನ್ನೊಂದು ಮಳೆಗಾಲವೂ ಹೋಯಿತು. ಕೊನೆಗೊಂದು ದಿನ ಸುವರ್ಣಾ ಫೋನು ಮಾಡಿ, ಪರೀಕ್ಷೆಯಲ್ಲಿ ನೀರು ಪಾಸಾಗಿದೆ, ಇನ್ನು ಕುಡಿಯಬಹುದು ಎಂದಳು.

ಕಾಶೀಬಾಯಿ ಬಾವಿಯ ನೀರಿನಲ್ಲಿ ಮೊದಲ ಚಹಾ ಮಾಡಿ ಸುಭದ್ರಕ್ಕನಿಗೆ ಕೊಟ್ಟುಬಂದಳು. ಆಮೇಲೆ ನನಗೆ ಕೊಟ್ಟಳು. ದವಾಖಾನೆಯ ವಾಸನೆ ಇಲ್ಲ. ಸಿಹಿಯೂ ಇಲ್ಲ.

“ಬೆಲ್ಲ ಹಾಕಿಲ್ಲೇನು?”

“ಇದ್ದದ್ದೆಲ್ಲ ದುಡದವರಿಗೆ ಹೋತು,” ಅಂದಳು. “ನೀವು ಬರೇ ಸಲಹಾ ಕೊಟ್ಟೀರಿ.”

ಚೌಕಾಸಿ ಮಾಡದೆ ಕುಡಿದೆ.