ಒಂಟಿ ಸೀನಿನ ಟ್ಯಾಬು

ಓದಬೇಕಾದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು ‘ಆಮೇಲೆ ಓದಿದರಾಯ್ತು’ ಅನ್ನುವ ಪೈಕಿ ನಾನು. ಆ ‘ಆಮೇಲೆ’ ಯಾವತ್ತೂ ಬರುವುದಿಲ್ಲ, ಅದರ ಬದಲು ಇಂಥ ಪೇಚಾಟಗಳು ಬರುತ್ತಲೇ ಇರುತ್ತವೆ. ಟ್ಯಾಬುಗಳು ಹೆಚ್ಚಿದ ಹಾಗೆಲ್ಲ ಒಂದನ್ನೊಂದು ಒತ್ತಿಕೊಂಡು, ಹೆಸರು ಮರೆಯಾಗಿ, ಮೂಲೆಯ ಚಿಕ್ಕ ಗುರುತಷ್ಟೇ ಉಳಿಯುತ್ತದೆ. ಯಾವುದರೊಳಗೆ ಏನಿದೆಯೆಂದು ದೇವರಿಗೇ ಗೊತ್ತು.

೧. ಬೆಲೆ ಏರಿದಾಗ

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಒಂದು ದಿನ ನನ್ನ ಪಾಠ ಹೇಗಿದೆ ಎಂದು ನೋಡಲು ಪ್ರಿನ್ಸಿಪಾಲರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪರದೆಯ ಮೇಲೆ ಹಣದುಬ್ಬರದ ನಕ್ಷೆ ತೋರಿಸುತ್ತ, “ಬೆಲೆ ಏರ್ತಾನೇ ಹೋದ್ರೆ ಸರ್ಕಾರ ಏನು ಮಾಡ್ಬೇಕು?” ಎಂದು ಮಕ್ಕಳನ್ನು ಕೇಳಿದೆ.

ಲ್ಯಾಪ್‌ಟಾಪಿನ ಒಳಗಿಂದ ಒಬ್ಬ ಹೆಂಗಸು ಉತ್ತರ ಕೊಟ್ಟಳು: “ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಬೇಯೋಕೆ ಬಿಡಿ.”

ಹಿಂದಿನ ದಿನ ನೋಡಿ ಬಿಟ್ಟಿದ್ದ ಬದನೆಕಾಯಿ ಎಣ್ಣೆಗಾಯಿ. ಆ ಟ್ಯಾಬು ಸಾಲಿನಲ್ಲಿ ಎಲ್ಲಿ ಅಡಗಿತ್ತೋ, ಹುಡುಕಿ ಮುಚ್ಚುವಷ್ಟರಲ್ಲಿ ಒಗ್ಗರಣೆಯೂ ಆಯಿತು. ತರಗತಿ ನಕ್ಕು ನಕ್ಕು ಸುಸ್ತಾಯಿತು. ಪ್ರಿನ್ಸಿಪಾಲರು ಮಾತ್ರ ಮುಖ ಗಂಟಿಕ್ಕಿಕೊಂಡೇ ಎದ್ದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು: “ಮೇಡಂ, ಸರ್ಕಾರ ಮಾಡ್ತಾ ಇರೋದೂ ಅದನ್ನೇ.”

೨. ಆರಿಸುವ ಚಾಳಿ

ನಮ್ಮೆಜಮಾನರಿಗೆ ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಹೊಟ್ಟೆ ಉರಿಯುತ್ತದೆ. ಮಾರನೆಯ ದಿನದ ಭಾಷಣಕ್ಕೆಂದು ನಾನು ಲೇಖನಗಳನ್ನು ಸಾಲಾಗಿ ತೆರೆದಿಟ್ಟು ಕಾಫಿಗೆ ಎದ್ದು ಬರುವುದರೊಳಗೆ ಎಲ್ಲವೂ ಮಾಯ.

“ಯಾರೂ ನೋಡ್ತಿರ್ಲಿಲ್ಲ, ಅದಕ್ಕೇ ಆರಿಸ್ಬುಟ್ಟೆ” ಎಂದರು, ಪುಣ್ಯದ ಕೆಲಸ ಮಾಡಿದವರ ಹಾಗೆ.

ಸಂಜೆ ಕ್ರಿಕೆಟ್ಟು, ಕೊನೆಯ ಓವರು. ಯಾರೋ ಕಾಲಿಂಗ್ ಬೆಲ್ ಒತ್ತಿದರೆಂದು ಅವರು ಬಾಗಿಲಿಗೆ ಓಡಿದರು. ನಾನು ಹೋಗಿ ಟೀವಿ ಆರಿಸಿದೆ.

“ಅಯ್ಯೋ, ಏನೇ ಮಾಡ್ದೆ!”

“ಯಾರೂ ನೋಡ್ತಿರ್ಲಿಲ್ಲ ಕಣ್ರೀ.”

ಅಂದಿನಿಂದ ಅವರು ನನ್ನ ಟ್ಯಾಬುಗಳನ್ನು ಮುಟ್ಟುವುದಿಲ್ಲ. ಹಾಗೆ ಮುಟ್ಟದೆ ಉಳಿದದ್ದರಿಂದಲೇ ಮುಂದಿನದೆಲ್ಲ ನಡೆಯಿತು.

೩. ಅತ್ತೆಯ ಮೂಗು

ಚಾಮರಾಜಪುರಂನಲ್ಲಿರುವ ನನ್ನ ಸೋದರತ್ತೆಗೆ ಸೀನಿನ ಕಾಟ. ನನ್ನ ತಮ್ಮನ ಮಗಳಿಗೆ ಗಂಡು ಗೊತ್ತಾಗಿ, ನಿಶ್ಚಿತಾರ್ಥದ ದಿನ ಗಂಡಿನ ಅಜ್ಜಿ ಹೊಸಿಲು ದಾಟುವುದಕ್ಕೂ ಅತ್ತೆ ‘ಆಕ್ಷೀ’ ಎನ್ನುವುದಕ್ಕೂ ಸರಿಹೋಯಿತು. ಜೋಡಿ ಸೀನಾದರೆ ಶುಭ, ಒಂಟಿಯಾದರೆ ಅಪಶಕುನ. ಇದು ಒಂಟಿ. ಅಜ್ಜಿ ಅಲ್ಲಿಂದಲೇ ವಾಪಸ್ಸು ಕಾರು ಹತ್ತಿದರು.

ಇನ್ನೊಂದು ದಿನ ನಿಶ್ಚಿತಾರ್ಥವೇನೋ ಆಯಿತು. ಆದರೆ ತಾಳಿ ಕಟ್ಟುವಾಗ ಒಂಟಿ ಸೀನು ಕೇಳಿಸಿದರೆ ಗಂಡನ್ನು ಎಬ್ಬಿಸಿಕೊಂಡು ಹೋಗುತ್ತೇನೆ ಎಂದು ಅಜ್ಜಿ ಹೇಳಿ ಕಳಿಸಿದರು. ಅತ್ತೆಯನ್ನು ಆ ಹೊತ್ತಿಗೆ ಛತ್ರದ ಊಟದ ಮನೆಯಲ್ಲಿ ಕೂರಿಸೋಣ ಎಂದು ತಮ್ಮ ತಲೆ ತಗ್ಗಿಸಿಕೊಂಡು ಹೇಳಿದ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿ ಬೆಳೆಸಿದವರೇ ಅತ್ತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆ ಫೋನು ಮಾಡಿದರು. “ಕಂಪ್ಯೂಟರಲ್ಲಿ ಏನೇನೋ ಓದ್ತೀಯಲ್ಲೇ, ಸೀನು ನಿಲ್ಲಿಸೋಕೆ ಏನಾದ್ರೂ ಇದ್ರೆ ನೋಡೇ. ತಾಳಿ ಕಟ್ಟೋದನ್ನ ಕಣ್ಣಾರೆ ನೋಡ್ಬೇಕು ಕಣೇ.”

ಟ್ಯಾಬಿನ ಮೇಲೆ ಟ್ಯಾಬು ತೆರೆದೆ. ಹಬೆ ತಗೊಳ್ಳಿ ಎಂದಿತು ಒಂದು, ತಗೋಬೇಡಿ ಎಂದಿತು ಇನ್ನೊಂದು. ಕೊನೆಗೆ ಒಬ್ಬ ಡಾಕ್ಟರ ವೀಡಿಯೊ. ಸೀನು ಹೇಗೆ ಬರುತ್ತದೆಂದು ತೋರಿಸಲು ಅವರು ಕಣ್ಣು ಮುಚ್ಚಿ, ಮೂಗು ಮೇಲೆತ್ತಿ, ಉಸಿರೆಳೆದರು. ಅಷ್ಟರಲ್ಲಿ ಮತ್ತೆ ಅತ್ತೆಯ ಫೋನು. ವೀಡಿಯೊ ನಿಲ್ಲಿಸಿದೆ, ಆಮೇಲೆ ನೋಡಿದರಾಯ್ತು ಎಂದು.

“ಮೂಗು ಹಿಡ್ಕೊಂಡು ನನ್ನ ಪಕ್ಕ ಕೂತ್ಕೊಳ್ಳಿ ಅತ್ತೆ, ಯಾರು ಎಬ್ಬಿಸ್ತಾರೋ ನೋಡೋಣ” ಎಂದೆ.

“ಇಷ್ಟು ಹೇಳೋಕೆ ಅಷ್ಟೆಲ್ಲ ಓದಿದ್ಯಾ?”

೪. ಗಟ್ಟಿಮೇಳ

ಮದುವೆಯ ದಿನ ಓಲಗದವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ಕೆಟ್ಟ ಸದ್ದು ಕಿವಿಗೆ ಬೀಳದಿರಲೆಂದೇ ಮುಹೂರ್ತದಲ್ಲಿ ಗಟ್ಟಿಮೇಳ ಬಾರಿಸುವುದು. ಅದೇ ಇಲ್ಲ! ಮದುಮಗಳ ಬಾಲ್ಯದ ಫೋಟೋ ತೋರಿಸಲು ನಾನು ಲ್ಯಾಪ್‌ಟಾಪ್ ತಂದಿದ್ದೆ. “ಅಕ್ಕಾ, ಗಟ್ಟಿಮೇಳ ನಿನ್ನ ಜವಾಬ್ದಾರಿ” ಎಂದು ತಮ್ಮ ಛತ್ರದ ಸ್ಪೀಕರಿನ ವೈರನ್ನು ಅದಕ್ಕೆ ಸಿಕ್ಕಿಸಿದ.

ಗಟ್ಟಿಮೇಳದ ವೀಡಿಯೊ ತೆರೆದಿಟ್ಟೆ. ಅದೂ ಸಾಲಿಗೆ ಸೇರಿ, ಉಳಿದವುಗಳ ಹಾಗೇ ಬರೀ ಗುರುತಾಗಿ ಕೂತಿತು. ಪಕ್ಕದಲ್ಲಿ ಅತ್ತೆ ಸೆರಗಿನಿಂದ ಮೂಗು ಬಿಗಿಹಿಡಿದು, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ಮದುಮಗ ತಾಳಿ ಎತ್ತಿದ. ಪುರೋಹಿತರು ಕೈ ಎತ್ತಿದರು. “ಗಟ್ಟಿಮೇಳ! ಗಟ್ಟಿಮೇಳ!”

ಇದೇ ಇರಬೇಕೆಂದು ಒಂದು ಗುರುತು ಹುಡುಕಿ, ಕಣ್ಣು ಮಂಟಪದ ಮೇಲಿಟ್ಟೇ ಒತ್ತಿದೆ.

“ಆಆಕ್ಷೀ!”

ಡಾಕ್ಟರ ಸೀನು ಛತ್ರದ ಗೋಡೆಗೋಡೆಗೂ ಬಡಿಯಿತು. ಮದುಮಗನ ಕೈ ಅಲ್ಲೇ ನಿಂತಿತು. ಎಲ್ಲರ ಕಣ್ಣೂ ಅತ್ತೆಯ ಮೇಲೆ.

“ನಾನಲ್ಲ ಕಣ್ರೋ!” ಎಂದರು ಅತ್ತೆ, ಮೂಗು ಬಿಡದೆ.

“ಅತ್ತೆ ಅಲ್ಲ, ನನ್ನ ಲ್ಯಾಪ್‌ಟಾಪು!” ಎಂದು ಕೂಗಿದೆ.

ಅಜ್ಜಿ ಎದ್ದು ನಿಂತರು. “ಮಿಷನ್ ಸೀನಿದ್ರೂ ಸೀನೇ. ಒಂಟಿ ಸೀನು. ಏಳೋ ಮೇಲೆ.”

“ಮುಹೂರ್ತ ಮೀರ್ತಾ ಇದೆ!” ಪುರೋಹಿತರು ಗಡಿಯಾರ ತೋರಿಸಿದರು. “ಇನ್ನೊಂದು ಸೀನಾದ್ರೆ ಜೋಡಿ ಆಗುತ್ತೆ, ದೋಷ ಇಲ್ಲ.”

ಡಾಕ್ಟರನ್ನೇ ಮತ್ತೆ ಸೀನಿಸೋಣವೆಂದು ಒತ್ತಿದೆ. ಮಂಡಿನೋವಿನ ಎಣ್ಣೆಯ ಜಾಹೀರಾತು ಬಂತು. “ಅತ್ತೆ, ಸೀನಿ!” ಎಂದು ತಮ್ಮ ಕೈ ಮುಗಿದ. ಅತ್ತೆ ಮೂಗು ಬಿಟ್ಟರು, ಬಾಯಿ ತೆರೆದರು. ಇಷ್ಟು ವರ್ಷ ಬೇಡವೆಂದಾಗೆಲ್ಲ ಬಂದ ಸೀನು ಈಗ ಬರಲೊಲ್ಲದು. ಮದುಮಗಳು ಅಳಲು ಶುರುಮಾಡಿದಳು.

ಆ ಹುಡುಗಿಯ ಕಣ್ಣೀರು ನೋಡಿ ಅಜ್ಜಿ ತಡೆಯಲಾರದೆ ಹೋದರು. ದಡದಡ ಅತ್ತೆಯ ಹತ್ತಿರ ಬಂದು, ಸೊಂಟದಿಂದ ಪುಟ್ಟ ಡಬ್ಬಿ ತೆಗೆದರು. ನಶ್ಯ! ಅವರ ಮನೆಯವರೇ ಬಾಯಿ ಬಿಟ್ಟುಕೊಂಡು ನೋಡಿದರು.

“ಎಳೀರಿ, ಬೇಗ!”

ಅತ್ತೆ ಎಳೆದರು. ಆ ಸೀನಿಗೆ ಮಂಟಪದ ಹೂವೇ ಅಲ್ಲಾಡಿತು.

“ಜೋಡಿ! ಕಟ್ಟೋ!” ಎಂದು ಅಜ್ಜಿ ಕೂಗಿದರು. ಮದುಮಗಳ ಕೊರಳಿಗೆ ತಾಳಿ ಬಿತ್ತು. ಅತ್ತೆ ಎಲ್ಲರಿಗಿಂತ ಹತ್ತಿರದಿಂದ, ಕಣ್ಣಾರೆ ನೋಡಿದರು. ನಾನೂ ಅತ್ತುಬಿಟ್ಟೆ.

ಊಟದ ಹೊತ್ತಿಗೆ ನಮ್ಮೆಜಮಾನರು ಲ್ಯಾಪ್‌ಟಾಪಿನ ಮುಂದೆ ನಿಂತು, “ಈಗಲಾದ್ರೂ ಇವನ್ನೆಲ್ಲ ಮುಚ್ಚಲಾ?” ಎಂದು ಕೇಳಿದರು. ಮುಚ್ಚಿ ಎಂದು ನಾನು ಹೇಳುವಷ್ಟರಲ್ಲಿ, ಅತ್ತೆಯ ಪಕ್ಕದ ಎಲೆಯಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತಿದರು.

“ಮಿಕ್ಕಿದ್ದೆಲ್ಲ ಮುಚ್ಕೊಳ್ಳಿ, ಆ ಸೀನಿಂದು ಮಾತ್ರ ಇರ್ಲಿ. ನಂಗೆ ಇನ್ನೊಬ್ಬ ಮೊಮ್ಮಗ ಇದಾನೆ.”